ಮರದ ಮಂಗಟ್ಟೆ ಓಲೆ: ಹಳದಿ ಬಣ್ಣ ಬೆವರಿಗೆ ಬಿಡುತ್ತಾ?

ಪ್ರಶ್ನೆ: ದಾಂಡೇಲಿಗೆ ಹೋಗಿದ್ದಾಗ ಮರದಲ್ಲಿ ಮಾಡಿದ ಹಾರ್ನ್‌ಬಿಲ್, ಅಂದರೆ ಮಂಗಟ್ಟೆ ಹಕ್ಕಿಯ ಓಲೆ ತಗೊಂಡೆ. ಮೈ ಕಪ್ಪು, ಕೊಕ್ಕು ಅರಿಶಿನದ ಹಳದಿ. ಚೆಂದ ಇದೆ, ಆದರೆ ಹಾಕಿಕೊಳ್ಳೋಕೆ ಭಯ. ಬೆವರಿಗೆ, ಮಳೆಗೆ ಬಣ್ಣ ಬಿಡುತ್ತಾ?

ಉತ್ತರ: ಅರಗಿನ ಬಣ್ಣವಾದರೆ ಬೆವರಿಗೆ ಬಿಡುವುದಿಲ್ಲ. ಬ್ರಷ್‌ನಲ್ಲಿ ಬಳಿದ ಬಣ್ಣವಾದರೆ ಬಿಡಬಹುದು. ನಿಮ್ಮದು ಯಾವುದು ಅಂತ ಗುರುತಿಸುವುದು ಕಷ್ಟವೇನಲ್ಲ.

ಅದಕ್ಕೂ ಮೊದಲು ಒಂದು ತಮಾಷೆ ಕೇಳಿ. ಆ ಹಕ್ಕಿಯ ಹಳದಿಯೂ ಹಚ್ಚಿಕೊಂಡದ್ದೇ! ದೊಡ್ಡ ಮಂಗಟ್ಟೆಯ ಬಾಲದ ಬುಡದಲ್ಲಿ ಒಂದು ಎಣ್ಣೆಗ್ರಂಥಿ ಇದೆ. ಅದರಿಂದ ಹಳದಿ ಎಣ್ಣೆ ಒಸರುತ್ತದೆ. ಹಕ್ಕಿ ಕತ್ತು ತಿರುಗಿಸಿ, ಕೊಕ್ಕನ್ನೂ ತಲೆ ಮೇಲಿನ ಟೊಪ್ಪಿಗೆಯನ್ನೂ ಅಲ್ಲಿಗೆ ಉಜ್ಜುತ್ತದೆ. ಕತ್ತಿನ ಮತ್ತು ರೆಕ್ಕೆಯ ಬಿಳಿ ಗರಿಗಳಿಗೂ ಅದನ್ನೇ ಸವರುತ್ತದೆ. ನಾವು ಕನ್ನಡಿ ಮುಂದೆ ನಿಂತು ಮಾಡುವುದನ್ನು ಅದು ಮರದ ಕೊಂಬೆ ಮೇಲೆ ಕೂತು ಮಾಡುತ್ತದೆ, ಅಷ್ಟೇ.

ಈಗ ಓಲೆಗೆ ಬರೋಣ. ಕೈಯಲ್ಲಿ ಹಿಡಿದು ಅದರ ಆಕಾರ ನೋಡಿ. ಗುಂಡಗಿದೆಯಾ, ಚಪ್ಪಟೆಯಾ?

ಚನ್ನಪಟ್ಟಣದ ಅರಗಿನ ಕೆಲಸ ನಡೆಯುವುದು ಲೇತ್ ಮೇಲೆ. ಮರ ಗಿರಗಿರ ತಿರುಗುತ್ತಿರುತ್ತದೆ, ಉಳಿ ಮಾತ್ರ ಕೈಯಲ್ಲಿ. ಹಾಗಾಗಿ ಅಲ್ಲಿ ಬರುವುದೆಲ್ಲ ಗುಂಡು, ಮೊಟ್ಟೆ, ಬುಗುರಿ ಥರದ ಆಕಾರಗಳೇ. ಮಂಗಟ್ಟೆ ಮಾಡಬೇಕಾದರೆ ತಲೆಗೊಂದು ಗುಂಡು, ಕೊಕ್ಕಿಗೊಂದು ಚೂಪು ಬೇರೆಬೇರೆಯಾಗಿ ಕಡೆದು ಜೋಡಿಸಬೇಕು. ನಿಮ್ಮ ಓಲೆಯಲ್ಲಿ ಇಂಥ ಬೆಸುಗೆ ಕಂಡರೆ ಅದು ಬಹುಶಃ ಲೇತ್ ಕೆಲಸ.

ಬಣ್ಣ ಹತ್ತುವುದನ್ನು ನೋಡುವುದೇ ಒಂದು ಸೊಗಸು. ಚೆನ್ನಾಗಿ ಒಣಗಿಸಿದ ಆಲೆ ಮರದ ತುಂಡು, ಹಾಲಿನಂಥ ಬಿಳಿ. ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರವನ್ನು ಸುತ್ತಿಕೊಳ್ಳುತ್ತದೆ. ಬ್ರಷ್ ಇಲ್ಲ, ಡಬ್ಬಿ ಇಲ್ಲ. ಆಮೇಲೆ ಒಣಗಿದ ಕೇದಗೆ ಎಲೆ ಒತ್ತಿದರೆ, ಅಲ್ಲಿಯವರೆಗೆ ಮಂಕಾಗಿದ್ದ ಹಳದಿ ಒಮ್ಮೆಗೇ ಮಿರಿಮಿರಿ ಮಿಂಚುತ್ತದೆ. ಅರಗು ಅಂದರೆ ಮುತ್ತುಗ, ಬೋರೆಯಂಥ ಮರಗಳ ಕೊಂಬೆಗೆ ಹತ್ತುವ ಪುಟ್ಟ ಹುಳು ಒಸರುವ ಅಂಟು. ಅದಕ್ಕೆ ಬೆವರೂ ಲೆಕ್ಕವಿಲ್ಲ, ನಾಲ್ಕು ಹನಿ ಮಳೆಯೂ ಲೆಕ್ಕವಿಲ್ಲ.

ಅದರ ನಿಜವಾದ ಶತ್ರು ಸೆಂಟು. ಅರಗು ನೀರಿಗೆ ಜಗ್ಗದಿದ್ದರೂ ಸೆಂಟಿನಲ್ಲಿರುವ ಸ್ಪಿರಿಟ್‌ಗೆ ಕರಗುತ್ತದೆ. ಇದನ್ನು ನಾನು ಕಲಿತದ್ದು ಒಂದು ಮದುವೆಗೆ ಹೊರಟಾಗ. ಓಲೆ ಹಾಕಿಕೊಂಡ ಮೇಲೆ ಕತ್ತಿಗೆ ಸುಮ್ನೆ ಎರಡು ಸಲ ಸೆಂಟು ಹೊಡೆದುಕೊಂಡೆ. ಛತ್ರ ತಲುಪುವಷ್ಟರಲ್ಲಿ ಒಂದು ಓಲೆಗೆ ಕೂದಲು ಅಂಟಿತ್ತು. ಬಿಡಿಸಿದರೆ, ಹಳದಿ ಮೇಲೆ ಕೂದಲೆಳೆಯ ಗೀರು. ಸ್ಯಾನಿಟೈಸರ್ ಹಚ್ಚಿದ ಕೈಯಿಂದ ಮುಟ್ಟಿದರೂ ಇದೇ ಕಥೆ. ಆದ್ದರಿಂದ ಸೆಂಟು ಮೊದಲು, ಓಲೆ ಕೊನೆಗೆ. ಬಿಸಿಯೂ ಆಗದು, ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟು ಹೋಗಬೇಡಿ. ಸೋಪಿನ ನೀರಲ್ಲಿ ನೆನೆಸಬೇಡಿ. ಕೊಳೆಯಾದರೆ ಒಣ ಹತ್ತಿ ಬಟ್ಟೆ ಸಾಕು.

ಹಳದಿಗೆ ಅರಿಶಿನ ಬಳಸಿದ್ದರೆ ಬಿಸಿಲಿಗೆ ಮಾಸುತ್ತದೆ, ಅದು ಅರಿಶಿನದ ಗುಣ. ಕಿಟಕಿ ಪಕ್ಕ ನೇತುಹಾಕಬೇಡಿ.

ಇನ್ನು ಚಪ್ಪಟೆ ಓಲೆ. ಹಕ್ಕಿಯ ಆಕಾರಕ್ಕೆ ಹಲಗೆ ಕತ್ತರಿಸಿ ಬಣ್ಣ ಬಳಿದದ್ದು. ಇದರ ಜಾತಕ ಅಂಚಿನಲ್ಲಿದೆ. ಅಂಚು ಸುಟ್ಟ ಹಾಗೆ ಕಂದಾಗಿದ್ದರೆ ಲೇಸರ್‌ನಲ್ಲಿ ಕತ್ತರಿಸಿದ್ದು. ಪದರ ಪದರ ಕಂಡರೆ ಪ್ಲೈವುಡ್. ನಾರೂ ಇಲ್ಲದೆ ಪದರವೂ ಇಲ್ಲದೆ ರಟ್ಟಿನಂತಿದ್ದರೆ ಅದು ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ. ನೀರು ಬಿದ್ದರೆ ಚಹಾಕ್ಕೆ ಅದ್ದಿದ ರಸ್ಕ್ ಥರ ಊದಿಕೊಳ್ಳುತ್ತದೆ. ಅದಕ್ಕೆ ಮಳೆ ತೋರಿಸಲೇಬೇಡಿ. ಲೇಸರ್ ಓಲೆಯನ್ನೂ 'ಕೈಯಲ್ಲಿ ಮಾಡಿದ್ದು' ಅಂತ ಮಾರುತ್ತಾರೆ. ಬಣ್ಣ ಬಳಿದದ್ದು ಕೈಯೇ ಇರಬಹುದು, ಕತ್ತರಿಸಿದ್ದಂತೂ ಅಲ್ಲ. ಬೆಲೆ ಕೇಳುವಾಗ ನೆನಪಿರಲಿ.

ಅನುಮಾನ ಇದ್ದರೆ ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ, ಓಲೆಯ ಹಿಂಭಾಗದಲ್ಲಿ ಮೆಲ್ಲಗೆ ಉಜ್ಜಿ ನೋಡಿ. ಬಟ್ಟೆ ಹಳದಿಯಾದರೆ ನಿಮ್ಮ ಕತ್ತೂ ಆಗುತ್ತದೆ.

ಎರಡೂ ಬಗೆಯಲ್ಲಿ ಜಾಸ್ತಿ ಜನ ಗಮನಿಸದ ಜಾಗ ಒಂದಿದೆ: ಕೊಕ್ಕೆ ಸಿಕ್ಕಿಸಲು ಕೊರೆದ ತೂತು. ಅದರೊಳಗೆ ಬಣ್ಣವೂ ಇಲ್ಲ, ಅರಗೂ ಇಲ್ಲ, ಬರೀ ಮರ. ನೀರು ಒಳಗೆ ಇಳಿಯುವುದು ಅಲ್ಲಿಂದಲೇ. ಬೆರಳ ತುದಿಯಲ್ಲಿ ಒಂಚೂರು ಜೇನುಮೇಣ ತಗೊಂಡು ಆ ತೂತಿನ ಬಾಯಿಗೆ ಒತ್ತಿ. ಅಕಸ್ಮಾತ್ ನೆನೆದರೆ ನೆರಳಲ್ಲಿ ಒಣಗಿಸಿ. ಕಿವಿ ತುರಿಸಿದರೆ ಮರವನ್ನು ಬೈಯುವ ಮೊದಲು ಕೊಕ್ಕೆ ನೋಡಿ. ಅಗ್ಗದ ಕೊಕ್ಕೆಯ ನಿಕ್ಕಲ್ ಎಷ್ಟೋ ಜನರಿಗೆ ಆಗಿಬರುವುದಿಲ್ಲ. ಬೆಳ್ಳಿಯದು ಹಾಕಿಸಿ.

ಕೊನೆಗೆ ನೀವು ಕೇಳದ ಒಂದು ವಿಷಯ. ದೊಡ್ಡ ಮಂಗಟ್ಟೆಯಲ್ಲಿ ಗಂಡಿನ ಕಣ್ಣು ಕೆಂಪು, ಹೆಣ್ಣಿನದು ಬಿಳಿ. ಗೂಡಿನ ಕಾಲದಲ್ಲಿ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಗಿಲನ್ನು ಮೆತ್ತಿಕೊಳ್ಳುತ್ತದೆ. ಗಂಡು ಒಂದು ಸಣ್ಣ ಸೀಳಿನಿಂದ ಅತ್ತಿಹಣ್ಣು ಕೊಡುತ್ತಿರುತ್ತದೆ. ನಿಮ್ಮ ಓಲೆಯ ಎರಡೂ ಹಕ್ಕಿಗೆ ಕೆಂಪು ಕಣ್ಣೇ ಇಟ್ಟಿದ್ದಾರಾ? ಹಾಗಾದರೆ ನಿಮ್ಮ ಎರಡೂ ಕಿವಿಯಲ್ಲಿ ಗಂಡುಗಳೇ ನೇತಾಡುತ್ತಿವೆ. ಮುಂದಿನ ಸಲ ಒಂದಕ್ಕೆ ಬಿಳಿ ಕಣ್ಣು ಇಡಿ ಅಂತ ಮಾಡುವವರಿಗೇ ಹೇಳಿ.