ಕಡತದ ಹೆಸರಿಗೂ ಪೇಟೆಂಟ್: ಲಿನಕ್ಸ್ ಹಾದಿಯ ಬೇಲಿಗಳು

2002ರ ಕೊನೆಯಲ್ಲಿ ಕಂಪ್ಯೂಟರ್‌ಗೆ ವಿಂಡೋಸ್‌ನಂಥದೇ ಆದರೆ ಮುಕ್ತವಾದ ಕಾರ್ಯಾಚರಣ ವ್ಯವಸ್ಥೆ ಲಿನಕ್ಸ್‌ನ ಒಂದು ರೂಪ, ರೆಡ್ ಹ್ಯಾಟ್ ಕಂಪನಿಯ ರೆಡ್ ಹ್ಯಾಟ್ ಲಿನಕ್ಸ್ 8.0 ಹಾಕಿಕೊಂಡವರಿಗೆ ಒಂದು ವಿಚಿತ್ರ ಅನುಭವವಾಯಿತು. ಹಿಂದಿನ ಆವೃತ್ತಿಯಲ್ಲಿ ಸಲೀಸಾಗಿ ಕೇಳುತ್ತಿದ್ದ ಎಂಪಿ3 ಹಾಡುಗಳು ಹೊಸದರಲ್ಲಿ ತುಟಿ ಬಿಚ್ಚಲಿಲ್ಲ. ಸ್ಪೀಕರ್ ಸರಿಯಿತ್ತು, ಕಡತ ಸರಿಯಿತ್ತು, ಹಾಡು ನುಡಿಸುವ ತಂತ್ರಾಂಶವೂ ಇತ್ತು. ಅದರೊಳಗಿಂದ ಎಂಪಿ3 ಓದುವ ಭಾಗವನ್ನಷ್ಟೇ ತೆಗೆದುಹಾಕಲಾಗಿತ್ತು. ಆ ವಿಧಾನದ ಮೇಲೆ ಪೇಟೆಂಟ್ ಇತ್ತು. ಪುಕ್ಕಟೆಯಾಗಿ ಹಂಚುವ ತಂತ್ರಾಂಶದ ಒಂದೊಂದು ಪ್ರತಿಗೂ ರಾಜಧನ ಕಟ್ಟುವುದು ಆಗುಹೋಗುವ ಮಾತಾಗಿರಲಿಲ್ಲ. ಬಳಸುವವರಿಗೆ ಈ ಲೆಕ್ಕಾಚಾರ ಗೊತ್ತಾಗುವುದು ಹೇಗೆ? ‘ಲಿನಕ್ಸ್‌ನಲ್ಲಿ ಹಾಡೂ ಬರುವುದಿಲ್ಲವಂತೆ’ ಎಂಬ ಮಾತಷ್ಟೇ ಬಾಯಿಂದ ಬಾಯಿಗೆ ಹಬ್ಬಿತು.

ತಂತ್ರಾಂಶ ಪೇಟೆಂಟ್ ಎಂದರೆ ಸುದ್ದಿಯಾಗುವುದು ಕೋಟಿಗಟ್ಟಲೆ ಡಾಲರ್‌ಗಳ ಮೊಕದ್ದಮೆಗಳು. ಮುಕ್ತ ಕಾರ್ಯಾಚರಣ ವ್ಯವಸ್ಥೆಗಳ (ಕೋಡನ್ನು ಯಾರು ಬೇಕಾದರೂ ಓದಿ, ಬದಲಿಸಿ, ಹಂಚಬಹುದಾದವುಗಳ) ಮಟ್ಟಿಗೆ ಮಾತ್ರ ಈ ಕಥೆಯ ದೊಡ್ಡ ಪಾಲು ಯಾವ ತೀರ್ಪಿನಲ್ಲೂ ಸಿಗುವುದಿಲ್ಲ. ಯಾರೂ ದಾವೆ ಹೂಡುವ ಮೊದಲೇ ಹೆದರಿ ಕೈಬಿಟ್ಟ ಸೌಲಭ್ಯಗಳಲ್ಲಿ, ಸುತ್ತುಬಳಸಿ ಬರೆದ ಕೋಡ್‌ನಲ್ಲಿ ಅದನ್ನು ಹುಡುಕಬೇಕು.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಹಕ್ಕುಸ್ವಾಮ್ಯ ಕಾಪಾಡುವುದು ಬರೆದ ಕೋಡನ್ನು. ಅದೇ ಕೆಲಸವನ್ನು ನೀವು ಸ್ವಂತವಾಗಿ ಬೇರೆ ರೀತಿ ಬರೆದರೆ ತಕರಾರಿಲ್ಲ. ಪೇಟೆಂಟ್ ಹಿಡಿದಿಡುವುದು ವಿಧಾನವನ್ನೇ. ನೀವು ಆ ಪೇಟೆಂಟನ್ನು ಕಣ್ಣಿನಿಂದಲೂ ಕಾಣದೆ, ನಿಮ್ಮದೇ ತಲೆ ಓಡಿಸಿ ಅದೇ ದಾರಿಗೆ ಬಂದಿದ್ದರೂ ಅದು ಉಲ್ಲಂಘನೆಯೇ. ಮುಕ್ತ ತಂತ್ರಾಂಶಕ್ಕೆ ಇದರ ಪೆಟ್ಟು ಇಮ್ಮಡಿ. ಕೋಡ್ ಎಲ್ಲರ ಕಣ್ಣೆದುರಿಗೇ ಇರುವುದರಿಂದ ತಪ್ಪು ಹುಡುಕುವುದು ಸುಲಭ. ಪ್ರತಿಗಳನ್ನು ಎಣಿಸುವವರಿಲ್ಲದ್ದರಿಂದ ಪ್ರತಿಗಿಷ್ಟು ಎಂಬ ಶುಲ್ಕ ಹೊಂದುವುದೇ ಇಲ್ಲ. ಮುಕ್ತ ತಂತ್ರಾಂಶ ಹಂಚುವ ಪರವಾನಗಿಯಾದ ಜಿಪಿಎಲ್‌ನ 1991ರ ಎರಡನೇ ಆವೃತ್ತಿ ಇದನ್ನು ಮುಂಗಂಡಿತ್ತು. ಪೇಟೆಂಟ್ ಶರತ್ತಿನಿಂದಾಗಿ ಎಲ್ಲರಿಗೂ ಮುಕ್ತವಾಗಿ ಹಂಚಲಾಗದಿದ್ದರೆ ಹಂಚಲೇಬಾರದು ಎನ್ನುತ್ತದೆ ಅದರ ಏಳನೇ ಕಲಮು. ಅದೇ ವರ್ಷ ಹುಟ್ಟಿದ ಲಿನಕ್ಸ್ ಕರ್ನೆಲ್ (ಆ ವ್ಯವಸ್ಥೆಯ ತಿರುಳು) ಇಂದಿಗೂ ಈ ಪರವಾನಗಿಯಲ್ಲೇ ಇದೆ.

ಕಾನೂನಿನ ಕಥೆಯನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಆಲ್ಗಾರಿದಮ್‌ಗೆ ಪೇಟೆಂಟ್ ಇಲ್ಲ ಎಂದಿತು. 1981ರಲ್ಲಿ ರಬ್ಬರ್ ಹದಗೊಳಿಸುವ ಯಂತ್ರದ ಪ್ರಕರಣದಲ್ಲಿ ಬಾಗಿಲನ್ನು ಸ್ವಲ್ಪ ತೆರೆಯಿತು. 1998ರಲ್ಲಿ ಕೆಳಗಿನ ಮೇಲ್ಮನವಿ ನ್ಯಾಯಾಲಯವೊಂದು ಅದನ್ನು ವ್ಯವಹಾರ ವಿಧಾನಗಳಿಗೂ ಹಾರುಹೊಡೆಯಿತು. 2014ರಲ್ಲಿ ಸುಪ್ರೀಂ ಕೋರ್ಟಿನ ಆಲಿಸ್ ತೀರ್ಪು ಆ ಬಾಗಿಲನ್ನು ಮತ್ತೆ ಅರ್ಧ ಮುಚ್ಚಿತು. ಯುರೋಪಿನ 1973ರ ಪೇಟೆಂಟ್ ಒಪ್ಪಂದ ಕಂಪ್ಯೂಟರ್ ಪ್ರೋಗ್ರಾಂ ‘ತನ್ನಷ್ಟಕ್ಕೆ ತಾನು’ ಆವಿಷ್ಕಾರವಲ್ಲ ಎಂದಿತ್ತು. ಆ ಗೆರೆಯನ್ನು ಸಡಿಲಿಸಬಹುದೆಂಬ ಆತಂಕ ಹುಟ್ಟಿಸಿದ್ದ ನಿರ್ದೇಶನವನ್ನು ಯುರೋಪಿಯನ್ ಸಂಸತ್ತು 2005ರ ಜುಲೈ 6ರಂದು 648–14 ಮತಗಳಿಂದ ತಿರಸ್ಕರಿಸಿತು. ಭಾರತದ ಪೇಟೆಂಟ್ ಕಾಯ್ದೆಯ 3(ಕೆ) ಕಲಮಿನಲ್ಲೂ ಹೆಚ್ಚುಕಡಿಮೆ ಅದೇ ಪದಗಳಿವೆ. 2004ರ ಕೊನೆಯ ಸುಗ್ರೀವಾಜ್ಞೆ ಅದನ್ನು ಸಡಿಲಗೊಳಿಸಿದರೂ 2005ರ ತಿದ್ದುಪಡಿ ಕಾಯ್ದೆಯಲ್ಲಿ ಆ ಸಡಿಲಿಕೆ ಉಳಿಯಲಿಲ್ಲ. ಆದರೆ ‘ತನ್ನಷ್ಟಕ್ಕೆ ತಾನು’ ಎಂದರೇನು ಎಂಬ ಪ್ರಶ್ನೆಯ ಸುತ್ತ ವಾದ ಇನ್ನೂ ನಡೆದೇ ಇದೆ.

ಈಗ ನಾನು ಹತ್ತಿರದಿಂದ ಹಿಂಬಾಲಿಸಿದ ಘಟ್ಟಕ್ಕೆ ಬರುತ್ತೇನೆ. ಪೇಟೆಂಟ್ ಎಂಬುದು ಎಷ್ಟು ಸಣ್ಣ ಸಂದಿಯಲ್ಲಿ ಕುಳಿತು ಎಷ್ಟು ದೊಡ್ಡ ದಾರಿಯನ್ನು ತಡೆಯಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಪೆನ್‌ಡ್ರೈವ್, ಕ್ಯಾಮೆರಾ, ಮೆಮೊರಿ ಕಾರ್ಡ್‌ಗಳಲ್ಲಿ ಕಡತಗಳನ್ನು ಜೋಡಿಸಿಡುವ ಹಳೆಯ ಪದ್ಧತಿಯ ಹೆಸರು ಫ್ಯಾಟ್. ಅದರಲ್ಲಿ ಒಂದೊಂದು ಕಡತಕ್ಕೂ 32 ಬೈಟ್‌ಗಳ ಒಂದು ನಮೂದು ಇರುತ್ತದೆ. ಹೆಸರಿಗೆ ಮೀಸಲಾದದ್ದು 11 ಬೈಟ್ ಮಾತ್ರ: ಹೆಸರಿಗೆ ಎಂಟು, ಚುಕ್ಕಿಯ ನಂತರದ ಬಾಲಕ್ಕೆ ಮೂರು. ವಿಂಡೋಸ್ 95 ಬಂದಾಗ ಉದ್ದ ಹೆಸರು ಬೇಕಾಯಿತು, ಹಳೆಯ ತಂತ್ರಾಂಶಗಳೂ ಕೆಡಬಾರದಿತ್ತು. ಅದಕ್ಕೊಂದು ಉಪಾಯ ಹೂಡಲಾಯಿತು. ಉದ್ದ ಹೆಸರನ್ನು ಹದಿಮೂರು ಹದಿಮೂರು ಅಕ್ಷರಗಳಾಗಿ ತುಂಡರಿಸಿ, ಹೆಚ್ಚುವರಿ ನಮೂದುಗಳಲ್ಲಿ ಬರೆದು, ಹಳೆಯ ತಂತ್ರಾಂಶ ಕಂಡೂ ಕಾಣದಂತೆ ದಾಟಿಹೋಗುವ ಗುರುತನ್ನು ಅವಕ್ಕೆ ಹಾಕುವುದು. ಜೊತೆಗೆ ಮೊದಲ ಆರು ಅಕ್ಷರ, ಒಂದು ಅಲೆಗೆರೆ (~), ಒಂದು ಅಂಕಿ ಸೇರಿಸಿದ ಗಿಡ್ಡ ಹೆಸರನ್ನೂ ಇಡುವುದು. ಹಳೆಯ ಕಂಪ್ಯೂಟರ್‌ಗಳಲ್ಲಿ ಅಲೆಗೆರೆಯೂ ಒಂದೂ ಅಂಟಿಕೊಂಡ ಮೊಟಕು ಹೆಸರುಗಳನ್ನು ಕಂಡವರಿಗೆ ಇದು ನೆನಪಿರುತ್ತದೆ. ಚತುರ ಉಪಾಯ, ಒಪ್ಪೋಣ. ಇಷ್ಟಕ್ಕೇ ಮೈಕ್ರೋಸಾಫ್ಟ್‌ಗೆ ಪೇಟೆಂಟ್ ಸಿಕ್ಕಿತು.

ಜಗತ್ತಿನ ಬಹುತೇಕ ಸಾಧನಗಳು ಫ್ಯಾಟ್‌ನಲ್ಲೇ ಮಾತನಾಡುತ್ತಿದ್ದುದರಿಂದ ಲಿನಕ್ಸ್ ಕೂಡ ಅದನ್ನು ಕಲಿಯಲೇಬೇಕಿತ್ತು. ಲಿನಕ್ಸ್‌ಗಿರುವ ಸ್ವಂತದ ಪದ್ಧತಿಗಳು ಇದಕ್ಕಿಂತ ಎಷ್ಟೋ ಉತ್ತಮ. ಅದರಿಂದೇನು, ಎದುರಿನ ಕಂಪ್ಯೂಟರ್ ಅವನ್ನು ಓದದಿದ್ದರೆ ಉಪಯೋಗವಿಲ್ಲ. 2009ರ ಫೆಬ್ರುವರಿಯಲ್ಲಿ, ಲಿನಕ್ಸ್ ಬಳಸಿ ದಾರಿತೋರುವ ಸಾಧನ ಮಾಡುತ್ತಿದ್ದ ನೆದರ್ಲೆಂಡ್ಸ್‌ನ ಟಾಮ್‌ಟಾಮ್ ಕಂಪನಿಯ ಮೇಲೆ ಮೈಕ್ರೋಸಾಫ್ಟ್ ಎಂಟು ಪೇಟೆಂಟ್‌ಗಳ ದಾವೆ ಹೂಡಿತು. ಅವುಗಳಲ್ಲಿ ಉದ್ದ ಹೆಸರಿನವೂ ಇದ್ದವು. ಮಾರ್ಚ್ ಕೊನೆಗೆ ರಾಜಿಯಾಯಿತು: ಹಣ ಸಂದಾಯ, ಎರಡು ವರ್ಷದೊಳಗೆ ಆ ಸೌಲಭ್ಯದ ತೆರವು. ತೀರ್ಪು ಬರಲಿಲ್ಲ. ಲಿನಕ್ಸ್ ನಿಜಕ್ಕೂ ಉಲ್ಲಂಘಿಸಿತ್ತೇ, ಆ ಪೇಟೆಂಟ್ ನ್ಯಾಯಾಲಯದಲ್ಲಿ ನಿಲ್ಲುತ್ತಿತ್ತೇ ಎಂಬುದು ಅಲ್ಲಿ ಇತ್ಯರ್ಥವಾಗಲೇ ಇಲ್ಲ. ಅನುಮಾನ ಹಾಗೇ ಉಳಿಯಿತು, ಅನುಮಾನವಿದ್ದರೆ ಸಾಕಾಗಿತ್ತು.

ಅದೇ ವರ್ಷ, ಲಿನಕ್ಸ್ ಮತ್ತು ವಿಂಡೋಸ್ ನಡುವೆ ಕಡತ ಹಂಚಿಕೊಳ್ಳಲು ನೆರವಾಗುವ ಸಾಂಬಾ ತಂತ್ರಾಂಶದ ಖ್ಯಾತಿಯ ಆಂಡ್ರ್ಯೂ ಟ್ರಿಜೆಲ್ ಲಿನಕ್ಸ್ ಕರ್ನೆಲ್‌ಗೆ ಒಂದು ತಿದ್ದುಪಡಿ ಸೂಚಿಸಿದರು. ಪೇಟೆಂಟ್ ಹೇಳುವುದು ಉದ್ದ ಹೆಸರು ಮತ್ತು ಗಿಡ್ಡ ಹೆಸರು ಎರಡನ್ನೂ ಒಟ್ಟಿಗೆ ಇಡುವ ಬಗ್ಗೆ ತಾನೇ? ಹಾಗಾದರೆ ಉದ್ದ ಹೆಸರಿರುವ ಕಡತಕ್ಕೆ ಗಿಡ್ಡ ಹೆಸರೇ ಬೇಡ. ಆ ಹನ್ನೊಂದು ಬೈಟ್‌ಗಳ ಜಾಗದಲ್ಲಿ ಹೆಸರಾಗಲು ಯೋಗ್ಯವಲ್ಲದ ಅಕ್ಷರಗಳನ್ನು ತುಂಬಿಬಿಡೋಣ. ಓದಿದಾಗ ಅವರ ಜಾಣ್ಮೆಗೆ ತಲೆದೂಗಿದೆ, ಹಿಂದೆಯೇ ಹೊಟ್ಟೆಯುರಿಯಿತು. ಜಗತ್ತಿನ ಅತ್ಯುತ್ತಮ ಪ್ರೋಗ್ರಾಮರ್‌ಗಳಲ್ಲಿ ಒಬ್ಬರು ವಾರಗಟ್ಟಲೆ ತಲೆ ಕೆಡಿಸಿಕೊಂಡದ್ದು ಏನನ್ನಾದರೂ ಸುಧಾರಿಸುವುದಕ್ಕಲ್ಲ, ವಕೀಲರ ಒಂದು ವಾಕ್ಯದಿಂದ ತಪ್ಪಿಸಿಕೊಳ್ಳುವುದಕ್ಕೆ. ಇನ್ನೊಂದು ಸಂಗತಿ: ವಿಂಡೋಸ್‌ಗೂ ಹಿಂದಿನ ಡಾಸ್ ವ್ಯವಸ್ಥೆಯ ಕಡತಗಳಿಗೆ ಉದ್ದ ಹೆಸರು ಕೊಡುವ ಬಗ್ಗೆ ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ 1992ರಲ್ಲೇ ಬರೆದಿದ್ದ ಟಿಪ್ಪಣಿಯೊಂದು ಮುಂದೆ ಮೊಟೊರೋಲಾ ಎದುರಿಸಿದ ಪ್ರಕರಣದಲ್ಲಿ, ಆ ಉಪಾಯ ಮೊದಲೇ ಗೊತ್ತಿತ್ತು ಎಂಬುದಕ್ಕೆ ಪುರಾವೆಯಾಗಿ ಬಂತು.

ಅಕ್ಷರಗಳ ಕಥೆಯೂ ಇಂಥದ್ದೇ. ಪರದೆಯ ಮೇಲೆ ಸಣ್ಣ ಅಕ್ಷರಗಳು ಚೂಪಾಗಿ ಮೂಡಲು ನೆರವಾಗುವ ಕೋಡ್ ಫ್ರೀಟೈಪ್ ಎಂಬ ಮುಕ್ತ ತಂತ್ರಾಂಶದಲ್ಲಿ ಮೊದಲಿನಿಂದಲೂ ಇತ್ತು. ಆಪಲ್ ಕಂಪನಿಯ ಪೇಟೆಂಟ್‌ಗಳಿದ್ದುದರಿಂದ ಅದನ್ನು ಕೆಲಸ ಮಾಡದಂತೆ ನಿಲ್ಲಿಸಿಟ್ಟು ಹಂಚಲಾಗುತ್ತಿತ್ತು. ಒಂದು ಸಾಲು ಬದಲಿಸಿದರೆ ಚಾಲೂ ಆಗುವ ಸೌಲಭ್ಯ ವರ್ಷಗಟ್ಟಲೆ ಕತ್ತಲಲ್ಲಿ ಕುಳಿತಿತ್ತು. ‘ಲಿನಕ್ಸ್‌ನ ಅಕ್ಷರ ಮಂಕು’ ಎಂದು ದೂರಿದವರಲ್ಲಿ ಎಷ್ಟು ಮಂದಿಗೆ ಕಾರಣ ಗೊತ್ತಿತ್ತು? 2010ರ ಮೇ ತಿಂಗಳಲ್ಲಿ ಪೇಟೆಂಟ್ ಅವಧಿ ಮುಗಿಯಿತು, ಮುಂದಿನ ಆವೃತ್ತಿಯಲ್ಲೇ ಆ ಸಾಲು ಬದಲಾಯಿತು.

ಭಯಕ್ಕೆ ಒಂದು ಸಂಖ್ಯೆಯೂ ಇತ್ತು. ಮುಕ್ತ ತಂತ್ರಾಂಶಗಳು ತನ್ನ 235 ಪೇಟೆಂಟ್‌ಗಳನ್ನು ಉಲ್ಲಂಘಿಸುತ್ತಿವೆ, ಅದರಲ್ಲಿ 42 ಕರ್ನೆಲ್‌ನಲ್ಲೇ ಇವೆ ಎಂದು 2007ರಲ್ಲಿ ಮೈಕ್ರೋಸಾಫ್ಟ್ ಹೇಳಿತು. ಅವು ಯಾವುವು ಎಂಬ ಪಟ್ಟಿ ಮಾತ್ರ ಹೊರಬರಲಿಲ್ಲ. ಪಟ್ಟಿಯಿದ್ದಿದ್ದರೆ ಕೋಡ್ ಬದಲಿಸಬಹುದಿತ್ತು. ಇಲ್ಲದ್ದರಿಂದ ಬರೀ ಹೆದರಬಹುದಿತ್ತು. 2010ರ ಹೊತ್ತಿಗೆ, ಲಿನಕ್ಸ್ ಕರ್ನೆಲ್ ಮೇಲೆ ನಿಂತ ಆಂಡ್ರಾಯ್ಡ್‌ನ ಫೋನ್ ತಯಾರಕರು ಒಬ್ಬೊಬ್ಬರಾಗಿ ಮೈಕ್ರೋಸಾಫ್ಟ್ ಜೊತೆ ಪರವಾನಗಿ ಒಪ್ಪಂದಗಳಿಗೆ ಸಹಿ ಹಾಕತೊಡಗಿದರು.

ರಕ್ಷಣೆಯ ಏರ್ಪಾಡೂ ಜೊತೆಜೊತೆಗೇ ಬೆಳೆಯುತ್ತಿತ್ತು. 2005ರಲ್ಲಿ ಐಬಿಎಂ, ನಾವೆಲ್, ಫಿಲಿಪ್ಸ್, ರೆಡ್ ಹ್ಯಾಟ್, ಸೋನಿ ಸೇರಿ ಓಪನ್ ಇನ್ವೆನ್ಶನ್ ನೆಟ್‌ವರ್ಕ್ ಕಟ್ಟಿದವು; ಲಿನಕ್ಸ್‌ನ ಮೇಲೆ ಪರಸ್ಪರ ಪೇಟೆಂಟ್ ಎತ್ತುವುದಿಲ್ಲ ಎಂಬುದು ಅದರ ಸದಸ್ಯರ ಕರಾರು. 2018ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಕೂಡ ಸುಮಾರು 60,000 ಪೇಟೆಂಟ್‌ಗಳೊಡನೆ ಅದನ್ನು ಸೇರಿತು. ಮರುವರ್ಷ ಫ್ಯಾಟ್‌ನ ಹೊಸ ಪೀಳಿಗೆಯಾದ ಎಕ್ಸ್‌ಫ್ಯಾಟ್‌ನ ವಿವರಗಳನ್ನು ಮೈಕ್ರೋಸಾಫ್ಟ್ ತಾನೇ ಬಹಿರಂಗಪಡಿಸಿತು, ಕರ್ನೆಲ್ 5.4ರಲ್ಲಿ ಎಕ್ಸ್‌ಫ್ಯಾಟ್ ಬಂತು. ಹತ್ತು ವರ್ಷ ಹಿಂದೆ ಇದನ್ನು ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಆದರೆ ಈ ಕರಾರು ಕಟ್ಟಿಹಾಕುವುದು ತಾವಾಗಿ ಸಹಿ ಹಾಕಿದವರನ್ನು. ಏನನ್ನೂ ತಯಾರಿಸದೆ ಪೇಟೆಂಟ್‌ಗಳನ್ನಷ್ಟೇ ಇಟ್ಟುಕೊಂಡವರಿಗೆ ಸಹಿ ಹಾಕುವ ಗರಜಿಲ್ಲ. 2019ರಲ್ಲಿ ಅಂಥ ಒಂದು ಸಂಸ್ಥೆ, ಚಿತ್ರಗಳನ್ನು ಜೋಡಿಸಿಡುವ ಶಾಟ್‌ವೆಲ್ ಎಂಬ ತಂತ್ರಾಂಶಕ್ಕಾಗಿ ಲಿನಕ್ಸ್‌ನ ಡೆಸ್ಕ್‌ಟಾಪ್ ರೂಪಿಸುವ ಲಾಭರಹಿತ ಗ್ನೋಮ್ ಪ್ರತಿಷ್ಠಾನದ ಮೇಲೆ ದಾವೆ ಹೂಡಿತು. ಹಣ ಕೊಟ್ಟು ಕೈತೊಳೆದುಕೊಳ್ಳುವ ಬದಲು ಪ್ರತಿಷ್ಠಾನ ಎದುರು ನಿಂತು ಹೋರಾಡಿತು. 2020ರ ಮೇನಲ್ಲಿ ಆದ ಇತ್ಯರ್ಥ ಶಾಟ್‌ವೆಲ್‌ಗೆ ಮಾತ್ರವಲ್ಲ, ಮುಕ್ತ ಪರವಾನಗಿಯ ಇತರ ತಂತ್ರಾಂಶಗಳಿಗೂ ಆ ಪೇಟೆಂಟ್‌ಗಳಿಂದ ಬಿಡುಗಡೆ ಕೊಟ್ಟಿತು.

ಎಂಪಿ3 ಪರವಾನಗಿ ಯೋಜನೆ 2017ರ ಏಪ್ರಿಲ್‌ನಲ್ಲಿ ಕೊನೆಗೊಂಡಿತು. ಈಗ ಹಾಡುಗಳು ಎಲ್ಲ ಲಿನಕ್ಸ್‌ನಲ್ಲೂ ಕೇಳುತ್ತವೆ. ಐದು ವರ್ಷದ ನಂತರ, 2022ರ ಸೆಪ್ಟೆಂಬರ್‌ನಲ್ಲಿ, ರೆಡ್ ಹ್ಯಾಟ್ ಬೆಂಬಲದ ಫೆಡೋರಾ ಲಿನಕ್ಸ್ ತನ್ನ ಗ್ರಾಫಿಕ್ಸ್ ತಂತ್ರಾಂಶದಿಂದ ಎಚ್.264 ಮತ್ತು ಎಚ್.265 ಎಂಬ, ಪೇಟೆಂಟ್ ಇರುವ ವಿಡಿಯೊ ಮಾದರಿಗಳಿಗೆ ಹಾರ್ಡ್‌ವೇರ್ ನೆರವು ಒದಗಿಸುವ ಭಾಗವನ್ನು ತೆಗೆದುಹಾಕಿತು. ಚಿಪ್‌ಗೆ ಆ ಕೆಲಸ ಬರುತ್ತದೆ; ಚಿಪ್‌ಗೆ ಅದನ್ನು ಒಪ್ಪಿಸುವ ಕೋಡ್ ಮಾತ್ರ ಅಲ್ಲಿಲ್ಲ. ಬೇಕಾದವರು ಹೊರಗಿನ ಭಂಡಾರವೊಂದರಿಂದ ಅದನ್ನು ತಂದು ಸೇರಿಸಿಕೊಳ್ಳಬೇಕು, 2002ರಲ್ಲಿ ಎಂಪಿ3 ಭಾಗವನ್ನು ತಂದು ಸೇರಿಸಿಕೊಂಡ ಹಾಗೆಯೇ.