ಒತ್ತು ಬಿಟ್ಟು ಇಳಿದ ಶ್ರೀ

"ಕಾರ್ಡಿನ ಪಿಡಿಎಫ್ ಕಳಿಸಿದ್ದೀನಿ ಸರ್, ಅದನ್ನೇ ಸ್ವಲ್ಪ ಅನಿಮೇಷನ್ ಮಾಡಿಕೊಡಿ, ವಾಟ್ಸಾಪಲ್ಲಿ ಹಾಕ್ಬೇಕು." ಮದುವೆ ಸೀಸನ್ನಿನಲ್ಲಿ ನನಗೆ ಬರುವ ಕರೆಗಳು ಹೀಗೇ ಶುರುವಾಗುತ್ತವೆ. ಆ 'ಅದನ್ನೇ ಸ್ವಲ್ಪ'ದಲ್ಲಿ ಒಂದು ದಿನದ ಕೆಲಸವಿದೆ ಎಂದರೆ ಯಾರೂ ನಂಬುವುದಿಲ್ಲ.

ನಾನು ಅನಿಮೇಷನ್ ಮಾಡುವ ಸಾಫ್ಟ್‌ವೇರ್ ಆಫ್ಟರ್ ಎಫೆಕ್ಟ್ಸ್ ಪಿಡಿಎಫ್ ತೆಗೆದುಕೊಳ್ಳುತ್ತದೆ, ನಿಜ. ಆದರೆ ಮೊದಲ ಪುಟ ಮಾತ್ರ. ಹಾಗೇ ಎಳೆದು ಹಾಕಿದರೆ ಗಣಪತಿ, ಬಾಳೆಕಂಬ, ವಧೂವರರ ಹೆಸರು ಎಲ್ಲವೂ ಒಂದೇ ಹಾಳೆಗೆ ಅಂಟಿಕೊಂಡು ಬರುತ್ತವೆ. ಕುಣಿಸುವುದಾದರೆ ಇಡೀ ಹಾಳೆಯನ್ನೇ ಕುಣಿಸಬೇಕು. ಅದಕ್ಕೇ ಮೊದಲು ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಲಸ್ಟ್ರೇಟರಿನಲ್ಲಿ ತೆರೆದು ಬೇಕಾದ್ದನ್ನೆಲ್ಲ ಬೇರೆಬೇರೆ ಲೇಯರಿಗೆ, ಅಂದರೆ ಪದರಕ್ಕೆ, ಹಾಕುತ್ತೇನೆ. ಲೇಯರಿನೊಳಗಿನ ಲೇಯರ್ ಬೇರೆಯಾಗಿ ಬರುವುದಿಲ್ಲ, ಮೇಲಿನ ಹಂತದ್ದು ಮಾತ್ರ. ಇಲಸ್ಟ್ರೇಟರಿನದೇ ಫೈಲ್ ಬಗೆಯಾದ ಎಐ (.ai) ಆಗಿ ಸೇವ್ ಮಾಡುವಾಗ 'ಕ್ರಿಯೇಟ್ ಪಿಡಿಎಫ್ ಕಂಪ್ಯಾಟಿಬಲ್ ಫೈಲ್' ಗುರುತು ಇರಲೇಬೇಕು. ಆಮೇಲೆ ಆಫ್ಟರ್ ಎಫೆಕ್ಟ್ಸಿಗೆ 'ಕಾಂಪೊಸಿಷನ್ - ರಿಟೈನ್ ಲೇಯರ್ ಸೈಜಸ್' ಎಂದು ಇಂಪೋರ್ಟ್.

ಇಷ್ಟು ಎಲ್ಲ ಭಾಷೆಗೂ ಒಂದೇ. ಕನ್ನಡದ ಪಾಡು ಬೇರೆ. ನಮ್ಮ ಪ್ರೆಸ್ಸುಗಳಲ್ಲಿ ಇವತ್ತಿಗೂ ಬಹಳಷ್ಟು ಕಾರ್ಡು ಕೋರೆಲ್‌ಡ್ರಾ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ, ಯೂನಿಕೋಡಲ್ಲದ (ಎಲ್ಲ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಪದ್ಧತಿ ಯೂನಿಕೋಡ್) ಹಳೆಯ ಫಾಂಟಿನಲ್ಲಿ ತಯಾರಾಗುತ್ತದೆ. ಆ ಫಾಂಟಿಗೆ ಕನ್ನಡವೇ ಗೊತ್ತಿಲ್ಲ; ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ನಮ್ಮಲ್ಲಿ ಫಾಂಟ್ ಇಲ್ಲದಿದ್ದರೆ ವರನ ಹೆಸರು ಹೋಗಿ ತಲೆಮೇಲೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು ಬರುತ್ತದೆ. ಪ್ರೆಸ್ಸಿನವರಿಗೆ "ಕರ್ವ್ ಮಾಡಿ ಕೊಡಿ" (ಅಕ್ಷರವನ್ನು ಫಾಂಟ್ ಬೇಡದ ಗೆರೆಚಿತ್ರವಾಗಿಸಿ) ಎಂದರೆ ಸಾಕು, ಅವರಿಗದು ಕಂಟ್ರೋಲ್-ಕ್ಯೂ ಒತ್ತುವಷ್ಟು ಕೆಲಸ.

ಕರ್ವ್ ಆದಮೇಲೆ ಇನ್ನೊಂದು ಗುಂಡಿ. ನಾನೇ ಬಿದ್ದಿದ್ದೇನೆ. 'ಶ್ರೀರಸ್ತು ಶುಭಮಸ್ತು' ಒಂದೊಂದೇ ಅಕ್ಷರವಾಗಿ ಮೇಲಿನಿಂದ ಇಳಿಯಬೇಕಿತ್ತು. 'ಶ್ರೀ' ನಮಗೆ ಒಂದಕ್ಷರ. ಆ ಫಾಂಟಿಗೆ ಶಿ, ರ ಒತ್ತು, ದೀರ್ಘ, ಹೀಗೆ ಮೂರು ತುಂಡು. ಇಲಸ್ಟ್ರೇಟರಿನಲ್ಲಿ 'ರಿಲೀಸ್ ಟು ಲೇಯರ್ಸ್' ಕೊಟ್ಟೆ, ತುಂಡಿಗೊಂದು ಒಳಲೇಯರಾಯಿತು, ಎಲ್ಲವನ್ನೂ ಮೇಲಿನ ಹಂತಕ್ಕೆ ಎಳೆದುಕೊಂಡೆ. ವಿಡಿಯೊದಲ್ಲಿ ಶಿ ಬಂದು ಕೂತಿತು, ಒತ್ತು ತಡವಾಗಿ ಬಂದು ಅದರ ಕಾಲಡಿ ಸೇರಿತು, ದೀರ್ಘ ಎಲ್ಲಕ್ಕಿಂತ ಕೊನೆಗೆ. ಹುಡುಗಿಯ ತಂದೆ ನೋಡಿ, "ಶ್ರೀಕಾರವನ್ನೇ ಮುರಿದುಬಿಟ್ಟಿರಲ್ರೀ" ಎಂದರು. ಈಗ ರಿಲೀಸ್ ಮಾಡುವ ಮುಂಚೆ ಪ್ರತಿ ಅಕ್ಷರದ ತುಂಡುಗಳನ್ನೂ ಕೈಯಾರೆ ಗ್ರೂಪ್ ಮಾಡುತ್ತೇನೆ. ಬೇಸರದ ಕೆಲಸ, ಬೇರೆ ದಾರಿ ಕಂಡಿಲ್ಲ. ಯೂನಿಕೋಡಿನಲ್ಲಿ ಹೊಸದಾಗಿ ಟೈಪ್ ಮಾಡಬಹುದು. ಆದರೆ ಆಫ್ಟರ್ ಎಫೆಕ್ಟ್ಸಿನ ಕೆಲವು ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ 'ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್' ಟೆಕ್ಸ್ಟ್ ಎಂಜಿನ್ ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುತ್ತದೆ.

ಅಳತೆಯ ವಿಷಯ. ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ 5×7 ಇಂಚಿನ ಕಾರ್ಡು ಬರೀ 360×504 ಆಗಿ ಒಳಬರುತ್ತದೆ. 1080×1920ರ ಮೊಬೈಲ್ ಪರದೆಗೆ ಹಿಗ್ಗಿಸಿದರೆ ಮಸುಕು. ಲೇಯರಿನ ಪಕ್ಕದ ಸೂರ್ಯನಂಥ ಗುರುತು ಒತ್ತಿ, ಅಂಚು ಚೂಪಾಗುತ್ತದೆ. ಬಣ್ಣವನ್ನು ಇಲಸ್ಟ್ರೇಟರಿನಲ್ಲೇ ಆರ್‌ಜಿಬಿಗೆ, ಅಂದರೆ ಪರದೆಯ ಬಣ್ಣಪದ್ಧತಿಗೆ, ತಿರುಗಿಸಿಕೊಳ್ಳಿ.

ವರ್ಡ್ ಫೈಲ್ ಕಳಿಸುವವರೂ ಇದ್ದಾರೆ. ಅದನ್ನು ಆಫ್ಟರ್ ಎಫೆಕ್ಟ್ಸ್ ಮೂಸಿಯೂ ನೋಡುವುದಿಲ್ಲ. ಅದರೊಳಗಿನ ಫೋಟೊ ಬೇಕಿದ್ದರೆ ಫೈಲಿನ ಹೆಸರಿನ .docx ಎಂಬ ಬಾಲವನ್ನು .zip ಎಂದು ಬದಲಿಸಿ ಬಿಚ್ಚಿ. 'ವರ್ಡ್' ಫೋಲ್ಡರಿನ 'ಮೀಡಿಯಾ'ದಲ್ಲಿ ಸಿಗುತ್ತವೆ.

ಎಲ್ಲ ಒಳಬಂದಮೇಲೆ, ಕೀಫ್ರೇಮ್ (ಚಲನೆಯ ಗುರುತು) ಹಾಕುವ ಮುಂಚೆ, ಒಂದು ನಿಂತ ಚಿತ್ರವನ್ನು ಮನೆಯವರಿಗೆ ಕಳಿಸುತ್ತೇನೆ. ಅರ್ಧ ಗಂಟೆಯೊಳಗೆ ಫೋನ್ ಬರುತ್ತದೆ: "ಸರ್, ಪ್ರಿಂಟಲ್ಲೂ ಬಿಟ್ಟುಹೋಗಿದೆ, ದೊಡ್ಡಮ್ಮನ ಹೆಸರು ಸೇರಿಸ್ತೀರಾ?"