ಒಂದು ಇಂಚಿಗೆ ಆರು ಅಡಿ: ಸ್ಪಿಟ್‌ಫೈರ್ ಮಾದರಿಯ ಹಿಂದಿರುವ ಅಳತೆಯ ಕಥೆ

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ ರೆಕ್ಕೆ ತುದಿಯಿಂದ ತುದಿಗೆ 36 ಅಡಿ 10 ಇಂಚು. ಬಿಡಿಭಾಗ ಜೋಡಿಸಿ ಮಾಡುವ ಪ್ಲಾಸ್ಟಿಕ್ ಮಾದರಿಗಾಗಿ ಅದನ್ನು 72ರಿಂದ ಭಾಗಿಸಿದರೆ ಸುಮಾರು 156 ಮಿಲಿಮೀಟರ್ ಬರುತ್ತದೆ, ಅಂದರೆ ಒಂದು ಗೇಣಿಗೂ ಕಡಿಮೆ. ಲೆಕ್ಕ ಇಷ್ಟು ಸರಳವಾಗಿದ್ದರೂ, ಗೇಣುದ್ದವೂ ಇಲ್ಲದ ಈ ಪ್ಲಾಸ್ಟಿಕ್ ವಿಮಾನವನ್ನು ಮೂಲಕ್ಕೆ ಹೊಂದುವಂತೆ ಮಾಡಲು ತಯಾರಕರಿಗೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಚ್ಚು ಕೊರೆಯುವ ಕೌಶಲ ಬೆಳೆಯಬೇಕಿತ್ತು, ನಿಜ. ಆದರೆ ಅದಕ್ಕಿಂತ ದೊಡ್ಡ ತೊಡಕೆಂದರೆ, ಯುದ್ಧದುದ್ದಕ್ಕೂ ರೂಪ ಬದಲಿಸುತ್ತಲೇ ಹೋದ ಆ ವಿಮಾನಕ್ಕೆ ಸ್ಥಿರವಾದ ಒಂದು ಮೂಲರೂಪವೆಂಬುದೇ ಇರಲಿಲ್ಲ.

72 ಎಂಬ ಸಂಖ್ಯೆ ಬಂದದ್ದು ಬ್ರಿಟಿಷರ ಅಡಿ-ಇಂಚುಗಳ ಲೆಕ್ಕದಿಂದ. ಮಾದರಿಯ ಒಂದು ಇಂಚು ನಿಜವಾದ ವಿಮಾನದ ಆರು ಅಡಿಗೆ ಸಮ. ಆರಡಿ ಎತ್ತರದ ಪೈಲಟ್ ಇಲ್ಲಿ ಇಂಚೆತ್ತರದ ಗೊಂಬೆಯಾಗುತ್ತಾನೆ. 1932ರಲ್ಲಿ ಇಂಗ್ಲೆಂಡಿನ ‘ಸ್ಕೈಬರ್ಡ್ಸ್’ ಮರದ ಕಿಟ್‌ಗಳು ಈ ಪ್ರಮಾಣವನ್ನು ಬಳಕೆಗೆ ತಂದವು. 1936ರಲ್ಲಿ ಫ್ರಾಗ್ ಸಂಸ್ಥೆಯ ‘ಪೆಂಗ್ವಿನ್’ ಸರಣಿಯು ಅದೇ ಪ್ರಮಾಣದಲ್ಲಿ ಪ್ಲಾಸ್ಟಿಕ್ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರತೊಡಗಿತು. ಆಗಿನ ಪ್ಲಾಸ್ಟಿಕ್ ಸೆಲ್ಯುಲೋಸ್ ಅಸಿಟೇಟ್ ಆಗಿದ್ದು, ವರ್ಷ ಕಳೆದಂತೆ ಸೊಟ್ಟಗಾಗುವ ಗುಣ ಅದಕ್ಕಿತ್ತು. ಹೀಗಾಗಿ ಆ ಕಾಲದ ಮಾದರಿಗಳಲ್ಲಿ ರೆಕ್ಕೆ ನೆಟ್ಟಗಿರುವಂಥವು ಸಿಗುವುದು ಅಪರೂಪ.

ಆಟಿಕೆಯ ಈ ಪ್ರಮಾಣವನ್ನು ಕೆಲಸದ ಪ್ರಮಾಣವಾಗಿಸಿದ್ದು ಯುದ್ಧ. ದೂರದಲ್ಲಿ ಹಾರುವ ವಿಮಾನ ತಮ್ಮದೋ ಶತ್ರುವಿನದೋ ಎಂಬುದನ್ನು ಆಕಾರ ನೋಡಿಯೇ ಹೇಳಬೇಕಾಗಿದ್ದ ಕಾವಲುಗಾರರಿಗೂ ಫಿರಂಗಿಯವರಿಗೂ ತರಬೇತಿ ಕೊಡಲು, 1942ರಲ್ಲಿ ಅಮೆರಿಕದ ನೌಕಾಪಡೆಯು 1:72ರ ಐದು ಲಕ್ಷ ಮಾದರಿಗಳನ್ನು ಮರದಲ್ಲಿ ಕೆತ್ತಿಕೊಡುವಂತೆ ದೇಶದ ಶಾಲಾ ವಿದ್ಯಾರ್ಥಿಗಳನ್ನು ಕೇಳಿತು. 35 ಅಡಿ ದೂರದಲ್ಲಿ ತೂಗುಹಾಕಿದ ಇಂಥ ಮಾದರಿಯು ಸುಮಾರು ಅರ್ಧ ಮೈಲಿಯಾಚೆಯ ನಿಜವಾದ ವಿಮಾನದಷ್ಟೇ ದೊಡ್ಡದಾಗಿ ಕಾಣುತ್ತದೆ. ಇವುಗಳಿಗೆ ಕಪ್ಪು ಬಣ್ಣ ಬಳಿಯಲಾಗುತ್ತಿತ್ತು, ಏಕೆಂದರೆ ಗುರುತಿಸಲು ಬೇಕಾದದ್ದು ಹೊರರೇಖೆ ಮಾತ್ರ. ಮುಂದೆ ಮೆಟ್ರಿಕ್ ಅಳತೆಯ ಜಪಾನಿನಲ್ಲಿ ಕೆಲವು ಕಂಪನಿಗಳು 1:50, 1:75 ಎಂದು ದುಂಡುಸಂಖ್ಯೆಗಳನ್ನು ಪ್ರಯತ್ನಿಸಿ ನೋಡಿದವು. ಆದರೆ ಕಪಾಟಿನಲ್ಲಿ ಉಳಿದ ವಿಮಾನಗಳ ಪಕ್ಕದಲ್ಲಿ ಅವು ಹೊಂದದ ಕಾರಣ ಕೊನೆಗೆ 1:48 ಮತ್ತು 1:72ಕ್ಕೇ ಬಂದು ನಿಂತವು.

ಯುದ್ಧಾನಂತರ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ ಬಂತು. 1950ರ ದಶಕದಲ್ಲಿ ಹಡಗಿನ ಪುಟ್ಟ ಕಿಟ್ ಒಂದನ್ನು ವುಲ್‌ವರ್ತ್ಸ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಿ ಗೆದ್ದಿದ್ದ ಬ್ರಿಟಿಷ್ ಸಂಸ್ಥೆ ಏರ್‌ಫಿಕ್ಸ್, ಬಳಿಕ ಸ್ಪಿಟ್‌ಫೈರ್ ತಂದಿತು. ಸಂಸ್ಥೆಯ ಮೊದಲ ವಿಮಾನ ಕಿಟ್ ಎಂಬ ಗೌರವ ಅದಕ್ಕಿದ್ದರೂ ಆಕಾರದಲ್ಲಿ ಅದು ಬಹಳ ಒರಟು. ಆ ಕೊರತೆಯ ಮೂಲ ತಿಳಿಯಬೇಕಾದರೆ ವಿಮಾನದ ವಿನ್ಯಾಸವನ್ನೇ ನೋಡಬೇಕು.

ಆರ್.ಜೆ. ಮಿಚೆಲ್ ಅವರ ತಂಡ ರೂಪಿಸಿದ ಸ್ಪಿಟ್‌ಫೈರ್ 1936ರ ಮಾರ್ಚ್ 5ರಂದು ಮೊದಲ ಬಾರಿ ಹಾರಿತು. ಮರುವರ್ಷವೇ ಮಿಚೆಲ್ ತೀರಿಕೊಂಡರು. ರೆಕ್ಕೆ ಆದಷ್ಟು ತೆಳ್ಳಗಿರಬೇಕು, ಆದರೂ ಮಡಚಿಕೊಳ್ಳುವ ಚಕ್ರಗಳಿಗೂ ಎಂಟು ಮೆಷಿನ್‌ಗನ್‌ಗಳಿಗೂ ಒಳಗೆ ಜಾಗವಿರಬೇಕು ಎಂಬ ಎರಡು ಬೇಡಿಕೆಗಳಿಗೆ ವಾಯುಚಲನ ತಜ್ಞ ಬೆವರ್ಲಿ ಶೆನ್‌ಸ್ಟೋನ್ ಕಂಡುಕೊಂಡ ಉತ್ತರವೇ ಆ ಪ್ರಸಿದ್ಧ ದೀರ್ಘವೃತ್ತದ ರೆಕ್ಕೆ. ಬುಡದಿಂದ ತುದಿಯತ್ತ ಹೋದಂತೆ ಅದು ನವಿರಾಗಿ ತಿರುಚಿಕೊಂಡಿರುತ್ತದೆ. ಕೆಳಭಾಗದಲ್ಲಿ ಒಡಲಿಗೆ ಸೇರುವೆಡೆ ಕಡಲಹಕ್ಕಿಯ ರೆಕ್ಕೆಯಂತೆ ಬಾಗುತ್ತದೆ. ಮೇಲಿನಿಂದ ಮತ್ತು ಪಕ್ಕದಿಂದ ಬರೆದ ನಕ್ಷೆಗಳಲ್ಲಿ ಈ ಬಾಗು ಕಾಣುವುದೇ ಇಲ್ಲ. ಅಂಥ ನಕ್ಷೆಗಳನ್ನೇ ನಂಬಿ ಅಚ್ಚು ಕೊರೆದವರ ಕಿಟ್‌ಗಳಲ್ಲಿ ಆ ಭಾಗ ಚಪ್ಪಟೆಯಾಗಿ ಉಳಿಯಿತು. ಎಷ್ಟೋ ವರ್ಷ ಯಾರೂ ವಿಮಾನವನ್ನು ತಲೆಕೆಳಗು ಮಾಡಿ ನೋಡಿದಂತಿಲ್ಲ.

ಇದರ ಮೇಲೆ ಮಾರ್ಪಾಡುಗಳ ಸಾಲು, ಒಂದೊಂದು ಆವೃತ್ತಿಗೂ ‘ಮಾರ್ಕ್’ ಎಂಬ ಸಂಖ್ಯೆ. ಮೊದಲ ವಿಮಾನಗಳಿಗೆ ಎರಡು ಅಲಗಿನ ಮರದ ಪ್ರೊಪೆಲ್ಲರ್ ಇತ್ತು. ಬಳಿಕ ಅಲಗುಗಳು ಮೂರಾದವು, ಮಾರ್ಕ್ 9ರಲ್ಲಿ ನಾಲ್ಕಾದವು, ಮಾರ್ಕ್ 14ರಲ್ಲಿ ಐದಾದವು. ಜರ್ಮನಿಯ ಫೋಕೆ-ವುಲ್ಫ್ 190ಕ್ಕೆ ಎದುರಾಗಿ ಅವಸರದಲ್ಲಿ ಸಿದ್ಧವಾದ ಮಾರ್ಕ್ 9, 1942ರಲ್ಲಿ ಸೇವೆಗೆ ಬಂದಾಗ, ಹೆಚ್ಚು ಗಾಳಿ ತುಂಬುವ ಎರಡು ಹಂತದ ಸೂಪರ್‌ಚಾರ್ಜರ್ ಇದ್ದ ಮರ್ಲಿನ್ ಎಂಜಿನ್ನಿಗಾಗಿ ಮೂತಿ ಉದ್ದವಾಗಿತ್ತು, ರೆಕ್ಕೆಯ ಕೆಳಗೆ ಎರಡೂ ಕಡೆ ಸಮನಾದ ರೇಡಿಯೇಟರ್‌ಗಳು ಬಂದಿದ್ದವು. ಗ್ರಿಫನ್ ಎಂಜಿನ್ ಬಂದ ಮೇಲಂತೂ ಪ್ರೊಪೆಲ್ಲರ್ ತಿರುಗುವ ದಿಕ್ಕೇ ಬದಲಾಯಿತು. ಮಾದರಿಯಲ್ಲಿ ಅಲಗಿನ ಓರೆ ಹಳೆಯ ಬದಿಗೇ ಇದ್ದರೆ ಬಲ್ಲವರು ಕಣ್ಣಿಟ್ಟ ಕೂಡಲೇ ತಪ್ಪು ಹಿಡಿಯುತ್ತಾರೆ. ಹೀಗಾಗಿ ಬರೀ ‘ಸ್ಪಿಟ್‌ಫೈರ್’ ಮಾಡುತ್ತೇನೆಂದರೆ ಸಾಲದು, ಯಾವ ಮಾರ್ಕ್, ಯಾವ ತಿಂಗಳಿನದು ಎಂದೂ ಹೇಳಬೇಕಾಗುತ್ತದೆ.

ನಕ್ಷೆಯ ಮೇಲಿನ ಅವಲಂಬನೆ ತಗ್ಗಿದ್ದು ಇತ್ತೀಚೆಗೆ, ವಸ್ತುಸಂಗ್ರಹಾಲಯಗಳಲ್ಲಿ ಉಳಿದ ವಿಮಾನಗಳನ್ನು ಲೇಸರ್‌ನಿಂದ ಅಳೆದು ಕಂಪ್ಯೂಟರಿನಲ್ಲಿ ಅಚ್ಚು ರೂಪಿಸುವ ಪದ್ಧತಿ ಬಂದ ಮೇಲೆ. ಹಾಗೆಂದು ತಪ್ಪು ನಿಂತಿಲ್ಲ. ಹೆಸರಾಂತ ಚೆಕ್ ಸಂಸ್ಥೆ ಎಡುವಾರ್ಡ್ 2014ರಲ್ಲಿ ತಂದ 1:48ರ ಜರ್ಮನ್ ಯುದ್ಧವಿಮಾನ ಮೆಸ್ಸರ್‌ಶ್ಮಿಟ್ 109 ಜಿ-6 ಅಳತೆಗಿಂತ ದೊಡ್ಡದೆಂದು ತಿಳಿದು, ಅಚ್ಚನ್ನೇ ಹೊಸದಾಗಿ ಮಾಡಿಸಿ 2016ರಲ್ಲಿ ಮತ್ತೆ ಬಿಡುಗಡೆ ಮಾಡಬೇಕಾಯಿತು. ಇನ್ನು ಕೆಲವು ಕಡೆ ಅಳತೆಗೆ ನಿಷ್ಠೆಯೇ ಸಾಧ್ಯವಿಲ್ಲ: ಲೋಹದ ಹಾಳೆಗಳು ಕೂಡುವ ಗೆರೆಯನ್ನು 1:72ರ ಮಾದರಿಯಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕೊರೆದರೂ ನಿಜವಾದ ವಿಮಾನದಲ್ಲಿ ಅದು ಏಳು ಮಿಲಿಮೀಟರ್ ಆಳದ ಕಾಲುವೆಯಾಗುತ್ತದೆ. ಕೊರೆಯದೆ ಬಿಟ್ಟರೆ ಮಾದರಿ ಸೋಪಿನ ಬಿಲ್ಲೆಯಂತೆ ಕಾಣುತ್ತದೆಂಬ ಕಾರಣಕ್ಕೆ ಈ ಸುಳ್ಳನ್ನು ಎಲ್ಲರೂ ಒಪ್ಪಿಕೊಂಡಿದ್ದಾರೆ, ನನಗೂ ಅದು ಸರಿಯೆನಿಸುತ್ತದೆ.

ಬಣ್ಣಕ್ಕೂ ತಾರೀಖು ಉಂಟು. ಬ್ರಿಟಿಷ್ ಫೈಟರ್‌ಗಳ ಹೊಟ್ಟೆಗೆ ಅರ್ಧ ಕಪ್ಪು ಅರ್ಧ ಬಿಳಿ ಬಳಿಯುವ ಪದ್ಧತಿ ಹೋಗಿ ‘ಸ್ಕೈ’ ಎಂಬ ತಿಳಿ ಹಸಿರು ಬಂದದ್ದು 1940ರ ಜೂನ್‌ನಲ್ಲಿ. ಮೇಲಿನ ಕಂದು-ಹಸಿರು ಹೋಗಿ ಬೂದು-ಹಸಿರು ಬಂದದ್ದು 1941ರ ಆಗಸ್ಟ್‌ನಲ್ಲಿ. ಬರ್ಮಾ ರಂಗದ ಲೆಕ್ಕವೇ ಬೇರೆ. ಜಪಾನೀ ವಿಮಾನಗಳ ಕೆಂಪು ಸೂರ್ಯನೊಂದಿಗೆ ಗೊಂದಲವಾಗಬಾರದೆಂದು ಅಲ್ಲಿನ ಬ್ರಿಟಿಷ್ ಮತ್ತು ಭಾರತೀಯ ವಿಮಾನಗಳ ವೃತ್ತಚಿಹ್ನೆಯಿಂದ ಕೆಂಪನ್ನು ಪೂರ್ತಿ ತೆಗೆದುಹಾಕಿದ್ದರು. ಉಳಿದದ್ದು ಗಾಢ ನೀಲಿ ಮತ್ತು ತಿಳಿ ನೀಲಿ. 1945ರಲ್ಲಿ ಆ ರಂಗದಲ್ಲಿದ್ದ ಭಾರತೀಯ ವಾಯುಪಡೆಯ 8ನೇ ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್ ಮಾಡಬೇಕೆನ್ನುವವರು, ಸುಲಭವಾಗಿ ಸಿಗುವ ಮಾರ್ಕ್ 9ರ ಕಿಟ್ ತಂದು ಈ ನೀಲಿ ಚಿಹ್ನೆಗಳನ್ನು ಅಂಟಿಸಿದರೆ ಮುಗಿಯುವುದಿಲ್ಲ. ಅವರು ಹಾರಿಸಿದ್ದು ಮಾರ್ಕ್ 8. ನೋಟಕ್ಕೆ ಎರಡೂ ಒಂದೇ ಎನಿಸಿದರೂ ಅದರ ಬಾಲದ ಪುಟ್ಟ ಚಕ್ರ ಹಾರುವಾಗ ಒಡಲೊಳಗೆ ಸೇರಿಕೊಳ್ಳುತ್ತಿತ್ತು.